ತೊನ್ನು ಬಂದದ್ದು ಬೆರಳಿಗೆ, ಮುದುಡಿದ್ದು ಇಡೀ ಮೈ

ನಮ್ಮ ಚಿಕ್ಕಮ್ಮನನ್ನು ಊರಿನವರು ‘ಬಿಗುಮಾನದ ಹೆಂಗಸು’ ಅನ್ನುತ್ತಿದ್ದರು. ಮದುವೆ ಮನೆಗೆ ಬಂದರೆ ಮೂಲೆಯ ಕುರ್ಚಿ ಹಿಡಿದು ಕೂರುತ್ತಿದ್ದರು. ಎದುರು ಸಿಕ್ಕವರಿಗೆ ಒಂದು ಸಣ್ಣ ನಗು, ಅಷ್ಟೇ. ಫೋಟೊಗೆ ಕರೆದರೆ ‘ನೀವು ನಿಂತ್ಕೊಳ್ಳಿ, ನಾನು ಆಮೇಲೆ ಬರ್ತೀನಿ’ ಅನ್ನುತ್ತಿದ್ದರು, ಬರುತ್ತಿರಲಿಲ್ಲ. ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ಸರಿಯಾಗಿ ಅಡುಗೆ ಮನೆಯಲ್ಲಿ ಅವರಿಗೊಂದು ಕೆಲಸ ಹುಟ್ಟುತ್ತಿತ್ತು. ಬಳೆಗಾರ ಮನೆಗೆ ಬಂದರೆ ಎಲ್ಲ ಹೆಂಗಸರ ಕೈ ಅವನ ಮುಂದೆ ಇರುತ್ತಿತ್ತು. ಚಿಕ್ಕಮ್ಮನ ಕೈ ಮಾತ್ರ ಸೆರಗಿನೊಳಗೆ.

ಅವರ ಬೆರಳ ತುದಿಗಳಲ್ಲಿ ತೊನ್ನು ಇತ್ತು. ಎರಡೂ ಕೈ ಸೇರಿಸಿದರೂ ಒಂದು ವೀಳ್ಯದೆಲೆಯಷ್ಟು ಜಾಗವಿಲ್ಲ. ಅದು ಬಿಗುಮಾನವಲ್ಲ, ಕೈ ಅಡಗಿಸಿ ಅಡಗಿಸಿ ಬಂದ ಅಭ್ಯಾಸ ಅಂತ ನನಗೆ ಅರ್ಥವಾಗುವಾಗ ಇಪ್ಪತ್ತೈದು ದಾಟಿತ್ತು.

ಈಗ ಇದೆಲ್ಲ ನೆನಪಾಗಲು ಕಾರಣ ಪರಿಚಯದವರೊಬ್ಬರ ಮಗಳು. ಈ ವರ್ಷ ಪಿಯುಸಿಗೆ ಸೇರಿದ್ದಾಳೆ. ಬಲಗಣ್ಣಿನ ರೆಪ್ಪೆಯ ಪಕ್ಕ ಒಂದು ಬಿಳಿ ಕಲೆ ಕಾಣಿಸಿಕೊಂಡಿದೆ. ‘ಕಲೆ ಒಂದು ಕಡಲೆಕಾಳಿನಷ್ಟೂ ಇಲ್ಲ. ಆದರೆ ಅವಳು ತಲೆ ಎತ್ತಿ ಮಾತಾಡೋದನ್ನೇ ಬಿಟ್ಟಿದ್ದಾಳೆ. ಅಷ್ಟು ಚಿಕ್ಕ ಕಲೆಗೆ ಇಷ್ಟೊಂದು ಯಾಕೆ?’ ಅಂತ ಅವಳ ಅಮ್ಮ ಕೇಳಿದರು. ಈ ‘ಯಾಕೆ’ಗೆ ಉತ್ತರ ಇದೆ. ಆದರೆ ಅದು ಅರ್ಧ ಚರ್ಮದಲ್ಲಿದೆ, ಇನ್ನರ್ಧ ಮನುಷ್ಯರು ಒಬ್ಬರನ್ನೊಬ್ಬರು ನೋಡುವ ರೀತಿಯಲ್ಲಿದೆ.

ತೊನ್ನು ಅಂದರೆ ಏನು, ಏನು ಅಲ್ಲ

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೊಸೈಟ್ ಅನ್ನುತ್ತಾರೆ. ಚರ್ಮದ ಹೊರಪದರದ ತಳದಲ್ಲಿ ಕೂತು ಅಕ್ಕಪಕ್ಕದ ಕೋಶಗಳಿಗೆ ಬಣ್ಣ ಹಂಚುವ ಕೆಲಸ ಅವುಗಳದ್ದು. ತೊನ್ನಿನಲ್ಲಿ ಈ ಬಣ್ಣಗಾರರು ಒಂದೊಂದು ಜಾಗದಲ್ಲಿ ಇಲ್ಲವಾಗುತ್ತಾರೆ. ಹೊರಗಿನಿಂದ ಯಾವ ರೋಗಾಣುವೂ ಬಂದು ಅವರನ್ನು ಕೊಲ್ಲುವುದಿಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಅವರನ್ನು ಶತ್ರು ಅಂದುಕೊಂಡು ನಾಶ ಮಾಡುತ್ತದೆ. ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಹಾಗಾಗಿ ಇದು ಅಂಟುವ ರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ ಬಳಸಿದರೆ ಬರುವುದಿಲ್ಲ. ಜಗತ್ತಿನಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ, ಸ್ವಲ್ಪ ಹೆಚ್ಚು ಕಡಿಮೆ, ಇದು ಇದೆ. ಬಿಳಿಯರಲ್ಲೂ ಇದೆ, ಕಪ್ಪು ಜನರಲ್ಲೂ ಇದೆ. ನಮ್ಮಂಥ ಕಂದು ಮೈಬಣ್ಣದ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ, ಅಷ್ಟೇ.

ಹಾಲು ಮತ್ತು ಮೀನು ಒಟ್ಟಿಗೆ ತಿಂದರೆ ತೊನ್ನು ಬರುತ್ತದೆ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಅದಕ್ಕೆ ಆಧಾರವಿಲ್ಲ.

ಎಲ್ಲ ಬಿಳಿ ಕಲೆಯೂ ತೊನ್ನಲ್ಲ. ಬೆನ್ನು, ಎದೆ ಮೇಲೆ ಸಣ್ಣ ಸಿಪ್ಪೆಯ ಹಾಗೆ ಬರುವ ಚಿಬ್ಬು ಶಿಲೀಂಧ್ರದಿಂದ ಬರುವಂಥದ್ದು, ಮುಲಾಮಿಗೆ ಹೋಗುತ್ತದೆ. ಹಣೆಯ ಮೇಲೆ ಬೊಟ್ಟಿನ ಆಕಾರದಲ್ಲೇ ಬಿಳಿ ಕಲೆ ಬಂದಿದ್ದರೆ ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕ ಕಾರಣ ಆಗಿರಬಹುದು. ಅಂಥವರು ಮೊದಲು ಸ್ಟಿಕ್ಕರ್ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ತೊನ್ನನ್ನು ಹಿಂದಿನವರು ಬಿಳಿ ಕುಷ್ಠ, ಶ್ವೇತಕುಷ್ಠ ಅನ್ನುತ್ತಿದ್ದರು. ಈಗಲೂ ಕೆಲವರು ಅನ್ನುತ್ತಾರೆ. ಕುಷ್ಠಕ್ಕೂ ತೊನ್ನಿಗೂ ಸಂಬಂಧವೇ ಇಲ್ಲ. ಕುಷ್ಠ ಬರುವುದು ಬ್ಯಾಕ್ಟೀರಿಯಾದಿಂದ. ಅದನ್ನು 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕಂಡುಹಿಡಿದರು. ಕುಷ್ಠದ ಕಲೆ ಮಂಕಾಗಿರುತ್ತದೆ ಅಥವಾ ಕೆಂಪಗಿರುತ್ತದೆ, ಹಾಲಿನ ಬಿಳುಪು ಇರುವುದಿಲ್ಲ. ಅಲ್ಲಿ ಸ್ಪರ್ಶವೇ ಗೊತ್ತಾಗದಿರಬಹುದು. ತೊನ್ನಿನ ಕಲೆಯಲ್ಲಿ ಬಿಸಿ, ತಣ್ಣಗೆ, ಚುಚ್ಚು ಎಲ್ಲವೂ ಎಂದಿನಂತೆ ತಿಳಿಯುತ್ತದೆ. ಕುಷ್ಠಕ್ಕೂ ಈಗ ಪೂರ್ತಿ ವಾಸಿಯಾಗುವ ಔಷಧಿ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಹೆಸರು ಒಂದಾದಾಗ ಹೆದರಿಕೆಯೂ ಒಂದಾಯಿತು. ಗಂಡನಿಗೋ ಹೆಂಡತಿಗೋ ಕುಷ್ಠ ಇದ್ದರೆ ವಿಚ್ಛೇದನ ಕೇಳಬಹುದು ಎಂಬ ಅಂಶ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ 2019ರವರೆಗೂ ಇತ್ತು. ಆ ಹೆದರಿಕೆಯ ನೆರಳು ತೊನ್ನಿನವರ ಮೇಲೂ ಬಿತ್ತು.

ಮೈ ಹೇಗೆ ಮಾತಾಡುತ್ತದೆ

ಬಾಯಿ ಬಿಡದೆ ನಾವು ಹೇಳುವುದೆಲ್ಲ ದೇಹಭಾಷೆ. ನಿಲ್ಲುವ ರೀತಿ, ಕೈಯ ಚಲನೆ, ಕಣ್ಣು ಎಷ್ಟು ಹೊತ್ತು ಎದುರಿನವರ ಮೇಲೆ ನಿಲ್ಲುತ್ತದೆ, ಎಷ್ಟು ದೂರದಲ್ಲಿ ಕೂರುತ್ತೇವೆ, ದನಿ ಎಷ್ಟು ಗಟ್ಟಿ ಎಲ್ಲವೂ ಇದರೊಳಗೆ ಬರುತ್ತದೆ. ಇದನ್ನು ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಆದರೂ ಬಾಗಿಲಲ್ಲಿ ನಿಂತ ನೆಂಟರ ಮುಖ ನೋಡಿಯೇ ‘ಏನೋ ಬೇಜಾರಾಗಿದೆ’ ಅಂತ ಅಮ್ಮಂದಿರು ಹೇಳಿಬಿಡುತ್ತಾರೆ, ಅಲ್ವಾ?

ಈ ಭಾಷೆಯಲ್ಲಿ ಒಂದು ತೊಂದರೆ ಇದೆ. ಒಂದೇ ಚಲನೆಗೆ ಹಲವು ಅರ್ಥ. ಕಣ್ಣು ತಪ್ಪಿಸುವವರು ಸುಳ್ಳು ಹೇಳುತ್ತಿರಬಹುದು, ನಾಚುತ್ತಿರಬಹುದು, ಸಿಟ್ಟಾಗಿರಬಹುದು ಅಥವಾ ರೆಪ್ಪೆಯ ಮೇಲಿನ ಕಲೆ ಕಾಣದಿರಲಿ ಅಂತ ಮುಖ ತಿರುಗಿಸಿರಬಹುದು. ನೋಡುವವರಿಗೆ ಕಾಣುವುದು ಚಲನೆ ಮಾತ್ರ. ಕಾರಣವನ್ನು ಅವರೇ ಊಹಿಸಿಕೊಳ್ಳುತ್ತಾರೆ. ನಮ್ಮ ಊರಿನವರು ಚಿಕ್ಕಮ್ಮನ ವಿಷಯದಲ್ಲಿ ಮಾಡಿದ್ದು ಅದನ್ನೇ.

ಕೆಲವು ಕಾರಣಗಳು ಬರೀ ಮೈಯವು

ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಇಸುಬು ಇರುವವರಿಗೆ ನವೆ ತಡೆಯಲಾಗುವುದಿಲ್ಲ. ಕೂತಲ್ಲಿ ಕೂರಲಾಗದೆ ಮಿಸುಕಾಡುತ್ತಾರೆ. ರಾತ್ರಿ ನಿದ್ದೆಯಿರುವುದಿಲ್ಲ, ಹಗಲು ಮುಖ ಬಾಡಿರುತ್ತದೆ. ಸೋರಿಯಾಸಿಸ್‌ನಲ್ಲಿ ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಿನಂತೆ ಉದುರುತ್ತದೆ. ಮೊಣಕೈ, ಮೊಣಕಾಲಿನ ಚರ್ಮ ದಪ್ಪಗಾಗಿ ಬಿರಿಯುತ್ತದೆ. ಪೂರ್ತಿ ಮಡಚಿದರೆ ನೋವು. ಕಪ್ಪು ಬಟ್ಟೆ ಹಾಕಿದರೆ ಭುಜದ ಮೇಲೆ ಹೊಟ್ಟು ಕಾಣುತ್ತದೆ ಅಂತ ಆಗಾಗ ಹೆಗಲು ಒರೆಸಿಕೊಳ್ಳುವ ಅಭ್ಯಾಸ ಬೀಳುತ್ತದೆ.

ತೊನ್ನು ಸಾಮಾನ್ಯವಾಗಿ ನೋಯುವುದಿಲ್ಲ, ನವೆಯೂ ಅಪರೂಪ. ಬಿಸಿಲಿಗೆ ಸುಡುತ್ತದೆ, ಅಷ್ಟೇ. ಅದಕ್ಕೇ ಈ ವಿಷಯ ಅರ್ಥ ಮಾಡಿಕೊಳ್ಳಲು ತೊನ್ನನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ನೋವೂ ಇಲ್ಲ, ನವೆಯೂ ಇಲ್ಲ. ಆದರೂ ಮೈ ಮುದುಡುತ್ತದೆ ಅಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಅಡಗಿಸುವ ಕೈಗೆ ಬಿಡುವಿಲ್ಲ

ಕಲೆ ಕಂಡ ಮೊದಲ ದಿನಗಳಲ್ಲಿ ಯಾರೇ ಆದರೂ ಅದನ್ನು ಮುಚ್ಚುತ್ತಾರೆ. ಉದ್ದ ತೋಳಿನ ರವಿಕೆ, ಕುತ್ತಿಗೆಗೆ ಸುತ್ತಿದ ದುಪಟ್ಟಾ, ಹಣೆಯ ಮೇಲೆ ಇಳಿಬಿಟ್ಟ ಕೂದಲು, ಜೇಬಿನಲ್ಲಿ ಕೈ. ತುಟಿಯ ಮೇಲಿದ್ದರೆ ಮಾತಾಡುವಾಗ ಬಾಯಿಗೆ ಕೈ ಅಡ್ಡ. ಒಂದು ಕೆನ್ನೆಯ ಮೇಲಿದ್ದರೆ ಇನ್ನೊಂದು ಕೆನ್ನೆ ಕಾಣುವಂತೆ ಕೂರುವ ಜಾಗದ ಲೆಕ್ಕಾಚಾರ. ಬಸ್ಸಿನಲ್ಲಿ ಕಿಟಕಿ ಪಕ್ಕವೋ, ಈ ಕಡೆಯೋ ಎಂಬುದೂ ಆ ಲೆಕ್ಕದಿಂದಲೇ ತೀರ್ಮಾನ ಆಗುತ್ತದೆ.

ಮನೋವಿಜ್ಞಾನದಲ್ಲಿ ಇದಕ್ಕೆ ‘ಸುರಕ್ಷತಾ ನಡವಳಿಕೆ’ ಅನ್ನುತ್ತಾರೆ. ಬರಬಹುದಾದ ಅವಮಾನದಿಂದ ತಪ್ಪಿಸಿಕೊಳ್ಳಲು ಮಾಡುವ ಸಣ್ಣ ಸಣ್ಣ ಕೆಲಸಗಳು. ಒಂದೊಂದೂ ಸಮಾಧಾನ ಕೊಡುತ್ತದೆ. ಒಟ್ಟು ಲೆಕ್ಕ ಮಾತ್ರ ದುಬಾರಿ.

ಮೊದಲ ನಷ್ಟ ಗಮನದ್ದು. ತಲೆ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವರ ಜತೆ ಮಾತಾಡಿ ನೋಡಿ. ಉತ್ತರ ಕೊಡುತ್ತಾರೆ, ಆದರೆ ಚುಟುಕಾಗಿ. ಮನಸ್ಸು ಕೊಡದ ಮೇಲಿರುತ್ತದೆ. ಕಲೆ ಅಡಗಿಸುತ್ತಿರುವವರೂ ಹಾಗೇ. ಸೆರಗು ಜಾರಿತಾ, ತೋಳು ಮೇಲೆ ಹೋಯಿತಾ, ಅವರು ಎಲ್ಲಿ ನೋಡಿದರು ಅಂತ ಅರ್ಧ ಮನಸ್ಸು ಕಾವಲು ಕಾಯುತ್ತಿರುತ್ತದೆ. ಉಳಿದ ಅರ್ಧದಲ್ಲಿ ಮಾತು ನಡೆಯಬೇಕು. ಎದುರಿನವರಿಗೆ ಇದು ಗೊತ್ತಾಗುವುದಿಲ್ಲ. ‘ನನ್ನ ಮಾತಿನಲ್ಲಿ ಇವರಿಗೆ ಆಸಕ್ತಿಯಿಲ್ಲ’ ಅಂತ ಮಾತ್ರ ಅನಿಸುತ್ತದೆ.

ಎರಡನೆಯ ನಷ್ಟ ಇನ್ನೂ ಆಳದ್ದು. ಕತ್ತಲೆ ಕೋಣೆಗೆ ಹೋಗಲು ಹೆದರುವ ಮಗು ಅಲ್ಲಿಗೆ ಹೋಗುವುದೇ ಇಲ್ಲ. ಹೋಗದಿದ್ದ ಮೇಲೆ ಅಲ್ಲಿ ಗುಮ್ಮ ಇಲ್ಲ ಅಂತ ಅದಕ್ಕೆ ತಿಳಿಯುವುದು ಹೇಗೆ? ಕೈ ಸದಾ ಸೆರಗಿನೊಳಗಿದ್ದರೆ, ಕೈ ಹೊರಗಿಟ್ಟ ದಿನ ಜನ ಏನು ಮಾಡುತ್ತಿದ್ದರು ಎಂಬುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ‘ಇವತ್ತು ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ನಾನು ಮುಚ್ಚಿಕೊಂಡಿದ್ದೆ’ ಎಂಬ ನಂಬಿಕೆ ದಿನದಿನಕ್ಕೂ ಗಟ್ಟಿಯಾಗುತ್ತದೆ.

ಇಲ್ಲದ ಗಾಯದ ಪ್ರಯೋಗ

1980ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟಾ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಅದೇ.

ಭಾಗವಹಿಸಿದವರ ಮುಖದ ಮೇಲೆ ಮೇಕಪ್‌ನಿಂದ ನಿಜವೆನ್ನಿಸುವ ಗಾಯದ ಗುರುತು ಬರೆದರು. ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ಬಣ್ಣ ಒಣಗಿ ಬಿರಿಯದಿರಲು ಸ್ವಲ್ಪ ಕ್ರೀಮ್ ಹಚ್ಚುತ್ತೇವೆ ಎಂಬ ನೆಪದಲ್ಲಿ, ಅವರಿಗೆ ಗೊತ್ತಾಗದ ಹಾಗೆ ಗುರುತನ್ನು ಒರೆಸಿಬಿಟ್ಟರು. ಈಗ ಮುಖ ಎಂದಿನಂತಿದೆ. ಆದರೆ ಗಾಯ ಇದೆ ಅಂತಲೇ ಅವರ ನಂಬಿಕೆ. ಹಾಗೇ ಒಬ್ಬ ಅಪರಿಚಿತರ ಜತೆ ಮಾತಿಗೆ ಕೂರಿಸಿದರು.

ಮಾತು ಮುಗಿದ ಮೇಲೆ ಕೇಳಿದಾಗ, ಎದುರಿನವರು ಬಿಗಿಯಾಗಿದ್ದರು, ತಮ್ಮ ಗಾಯದಿಂದ ಅವರ ನಡವಳಿಕೆ ಬದಲಾಗಿತ್ತು ಅಂತ ಇವರು ಹೇಳಿದರು. ಗಾಯವೇ ಇರಲಿಲ್ಲ! ಹೋಲಿಕೆಗೆ ಇನ್ನೊಂದು ಗುಂಪನ್ನೂ ಇಟ್ಟಿದ್ದರು. ಇವರಿಗೆ ಸಣ್ಣ ಅಲರ್ಜಿ ಇದೆ ಅಂತ ಎದುರಿನವರಿಗೆ ತಿಳಿಸಲಾಗಿದೆ ಎಂದು ಆ ಗುಂಪಿನವರನ್ನು ನಂಬಿಸಿದ್ದರು. ಅವರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥವೇನು? ಮಾತಾಡುವಾಗ ಎಲ್ಲರೂ ಒಮ್ಮೊಮ್ಮೆ ಕಣ್ಣು ಆಚೆ ತಿರುಗಿಸುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಕುರ್ಚಿಯಲ್ಲಿ ಸರಿದು ಕೂರುತ್ತಾರೆ. ಬೇರೆ ದಿನವಾದರೆ ನಾವು ಗಮನಿಸುವುದೂ ಇಲ್ಲ. ‘ನನ್ನ ಮುಖದ ಮೇಲೊಂದು ಗುರುತಿದೆ’ ಎಂಬ ಅರಿವು ತಲೆಯಲ್ಲಿ ಕೂತಾಗ ಅದೇ ಚಲನೆಗಳೆಲ್ಲ ಪುರಾವೆಗಳಾಗುತ್ತವೆ.

ಇದಕ್ಕೆ ಹತ್ತಿರದ ಇನ್ನೊಂದು ಪ್ರಯೋಗ 2000ದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಹಾಕಿಕೊಳ್ಳಲು ಮುಜುಗರವಾಗುವಂಥ, ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಚಿತ್ರ ಗುರುತಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ಗುರುತಿಸಿದ್ದು ಕಾಲು ಭಾಗದಷ್ಟು ಜನ. ನಾಟಕದಲ್ಲಿ ದೀಪದ ಬೆಳಕೆಲ್ಲ ಒಬ್ಬರ ಮೇಲೆ ಬಿದ್ದ ಹಾಗೆ, ಎಲ್ಲರ ಕಣ್ಣೂ ನನ್ನ ಮೇಲಿದೆ ಅಂತ ನಮಗೆ ಅನಿಸುತ್ತದೆ. ಬೇರೆಯವರು ತಮ್ಮ ತಮ್ಮ ದೀಪದ ಕೆಳಗೆ ಬೆವರುತ್ತಿರುತ್ತಾರೆ.

ಹಾಗಾದರೆ ಎಲ್ಲ ಬರೀ ಭ್ರಮೆಯೇ?

ಅಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ‘ನಿಂಗೆ ಸುಮ್ನೆ ಹಾಗನ್ಸುತ್ತೆ, ಯಾರೂ ನೋಡಲ್ಲ’ ಅಂತ ಮಕ್ಕಳಿಗೆ ಸಮಾಧಾನ ಹೇಳುತ್ತಾರೆ. ಆ ಮಾತು ನಿಜವಲ್ಲ, ಮಕ್ಕಳಿಗೂ ಅದು ಗೊತ್ತು.

ಇಂಗ್ಲೆಂಡಿನ ನಿಕೊಲಾ ರಮ್ಸೆ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀದಿಯಲ್ಲೇ ಜನರನ್ನು ಗಮನಿಸಿದರು. ಮುಖದ ಮೇಲೆ ಗುರುತಿರುವವರ ಪಕ್ಕ ನಿಲ್ಲಬೇಕಾದಾಗ ಜನ ಸ್ವಲ್ಪ ಹೆಚ್ಚು ದೂರ ನಿಂತರು. ಗುರುತಿಲ್ಲದ ಕಡೆಗೇ ಹೆಚ್ಚಾಗಿ ನಿಂತರು.

ಯಾಕೆ ಹೀಗೆ? ಕೆನಡಾದ ಮನೋವಿಜ್ಞಾನಿ ಮಾರ್ಕ್ ಶಾಲರ್ ಇದನ್ನು ‘ನಡವಳಿಕೆಯ ರೋಗನಿರೋಧಕ ವ್ಯವಸ್ಥೆ’ ಎಂಬ ಹೆಸರಿನಿಂದ ವಿವರಿಸುತ್ತಾರೆ. ಅಂಟುರೋಗಗಳು ಜನರನ್ನು ಕೊಲ್ಲುತ್ತಿದ್ದ ಸಾವಿರಾರು ವರ್ಷಗಳಲ್ಲಿ, ಚರ್ಮದ ಮೇಲೆ ಏನೋ ಬೇರೆಯಾಗಿ ಕಂಡರೆ ದೂರ ಸರಿಯುವುದು ಮನುಷ್ಯರಿಗೆ ಲಾಭವೇ ಆಗಿತ್ತು. ಆ ಹಳೆಯ ಗಂಟೆ ಈಗಲೂ ನಮ್ಮೊಳಗೆ ಬಾರಿಸುತ್ತದೆ. ಅದಕ್ಕೆ ಸಿಡುಬು ಯಾವುದು, ತೊನ್ನು ಯಾವುದು ಅಂತ ಗೊತ್ತಿಲ್ಲ. ಒಗ್ಗರಣೆಯ ಹೊಗೆಗೂ ಕೂಗುವ ಬೆಂಕಿಯ ಅಲಾರಂ ಇದ್ದ ಹಾಗೆ. ಗಂಟೆ ಬಾರಿಸುವುದು ನಮ್ಮ ತಪ್ಪಲ್ಲ. ಬಾರಿಸಿದ ಮೇಲೆ ಹಿಂದೆ ಸರಿಯುವುದೋ, ‘ಇದು ಅಂಟುವುದಲ್ಲ’ ಅಂತ ನೆನಪಿಸಿಕೊಂಡು ಅಲ್ಲೇ ನಿಲ್ಲುವುದೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಇದರ ಮೇಲೆ ನಂಬಿಕೆಗಳ ಹೊರೆ. ನಮ್ಮಲ್ಲಿ ಚರ್ಮದ ತೊಂದರೆ ಅಂದರೆ ನಾಗದೋಷ, ಹಿಂದಿನ ಜನ್ಮದ ಪಾಪ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಡೆಯುತ್ತಿದ್ದ ಮಡೆಸ್ನಾನದ ಹಿಂದೆಯೂ, ಎಂಜಲೆಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಇತ್ತು. 2017ರ ರಾಜ್ಯದ ಕಾಯ್ದೆ ಅಂಥ ಆಚರಣೆಗೆ ತಡೆ ಹಾಕಿತು. ಜ್ವರ ಬಂದವರನ್ನು ಯಾರೂ ‘ಏನು ತಪ್ಪು ಮಾಡಿದೆ’ ಅಂತ ಕೇಳುವುದಿಲ್ಲ. ಚರ್ಮದ ಕಲೆಗೆ ಆ ಪ್ರಶ್ನೆ ಬರುತ್ತದೆ. ಭಾಷೆಯೇ ಅದನ್ನು ಹೇಳುತ್ತದೆ ನೋಡಿ: ಕಳಂಕ ಅಂದರೆ ಕಲೆ, ಕಳಂಕ ಅಂದರೆ ಅವಮಾನವೂ ಹೌದು. ಹಳೆಯ ಗ್ರೀಕರು ಗುಲಾಮರ ಮತ್ತು ಅಪರಾಧಿಗಳ ಮೈಮೇಲೆ ಹಾಕುತ್ತಿದ್ದ ಗುರುತಿಗೆ ‘ಸ್ಟಿಗ್ಮಾ’ ಅನ್ನುತ್ತಿದ್ದರು. ಇವತ್ತು ಸಮಾಜ ಅಂಟಿಸುವ ಅವಮಾನಕ್ಕೆ ಜಗತ್ತಿನ ತುಂಬ ಬಳಸುವುದು ಅದೇ ಪದವನ್ನು.

ಅಂದರೆ ನೋಡುವ ಕಣ್ಣುಗಳು ನಿಜ. ಆದರೆ ಅನಿಸುವಷ್ಟು ಅಲ್ಲ, ಮತ್ತು ಎಲ್ಲ ನೋಟವೂ ಅಸಹ್ಯದ್ದಲ್ಲ. ಕೆಲವರದು ಕುತೂಹಲ, ಕೆಲವರದು ಕನಿಕರ. ಇನ್ನು ಕೆಲವರಿಗೆ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗದ ಮುಜುಗರ. ಕಲೆಯನ್ನು ನೋಡಿದರೆ ತಪ್ಪಾದೀತು ಅಂತ ಅವರು ಮುಖವನ್ನೇ ನೋಡುವುದಿಲ್ಲ. ಇತ್ತ ಕಲೆಯಿರುವವರಿಗೆ ಅದು ತಿರಸ್ಕಾರದ ಹಾಗೆ ಕಾಣುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ನೋಯಿಸಬಾರದು ಅಂತಲೇ ಕಣ್ಣು ತಪ್ಪಿಸುತ್ತಿರುತ್ತಾರೆ.

ಆತ್ಮವಿಶ್ವಾಸ ಎಲ್ಲಿ ಸೋರುತ್ತದೆ

ಈಗ ಇದೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ. ಕಲೆ ಬಂತು. ಕೈ ಒಳಗೆ ಹೋಯಿತು, ಕಣ್ಣು ಕೆಳಗಿಳಿಯಿತು, ಮಾತು ಚುಟುಕಾಯಿತು. ಎದುರಿನವರು ಆ ಮುದುಡಿದ ಮೈಯನ್ನು ಓದಿದರು. ‘ಇವರಿಗೆ ನನ್ನ ಜತೆ ಬೇಕಿಲ್ಲ’ ಅಂದುಕೊಂಡು ತಾವೂ ದೂರ ಸರಿದರು. ಆ ದೂರವನ್ನು ಕಲೆಯಿರುವವರು ಓದಿದರು. ‘ನೋಡಿದ್ಯಾ, ಕಲೆ ಕಂಡಿದ್ದಕ್ಕೇ ಹೋದರು’ ಅಂದುಕೊಂಡರು. ಮರುದಿನ ಕೈ ಇನ್ನೂ ಒಳಗೆ ಹೋಯಿತು.

ಗಾಣದ ಎತ್ತಿನ ಹಾಗೆ ಇದು ಸುತ್ತುತ್ತಲೇ ಇರುತ್ತದೆ. ಜನ ನಿಜಕ್ಕೂ ದೂರ ಹೋದರು, ಅದು ಭ್ರಮೆಯಲ್ಲ. ಆದರೆ ಅವರನ್ನು ದೂರ ಕಳಿಸಿದ್ದರಲ್ಲಿ ಕಲೆಯ ಪಾಲೆಷ್ಟು, ಅಡಗಿಸುವಿಕೆಯ ಪಾಲೆಷ್ಟು ಎಂಬುದು ಒಳಗಿರುವವರಿಗೆ ಕಾಣುವುದಿಲ್ಲ. ರಮ್ಸೆ ಅವರ ತಂಡ 1986ರಲ್ಲಿ ಇದನ್ನೇ ಪರೀಕ್ಷಿಸಿತು. ಮುಖದ ಮೇಲೆ ಗುರುತಿದ್ದರೂ ಕಣ್ಣು ನೋಡಿ, ಮನಸ್ಸಿಟ್ಟು ಮಾತಾಡಿದವರ ಜತೆ ಜನ ಚೆನ್ನಾಗಿಯೇ ಬೆರೆತರು. ಗುರುತಿಗಿಂತ ಮಾತಾಡುವ ರೀತಿಯ ಪ್ರಭಾವ ದೊಡ್ಡದಿತ್ತು. ಕಲೆಯಿರುವವರೇ ಎಲ್ಲ ಸರಿಮಾಡಬೇಕು ಅಂತ ಇದರ ಅರ್ಥವಲ್ಲ. ಚಕ್ರಕ್ಕೆ ಒಂದಕ್ಕಿಂತ ಹೆಚ್ಚು ಕಡೆ ಕೈ ಹಾಕಬಹುದು ಅಂತ ಅರ್ಥ.

ಆ ಅಮ್ಮ ಕೇಳಿದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಲೆಯ ಅಳತೆಗೂ ನೋವಿನ ಅಳತೆಗೂ ನೇರ ಸಂಬಂಧವಿಲ್ಲ. ಬೆನ್ನಿನ ತುಂಬ ಇರುವ ಕಲೆ ಅಂಗಿಯೊಳಗೆ ಆರಾಮಾಗಿರುತ್ತದೆ. ರೆಪ್ಪೆಯ ಪಕ್ಕದ ಕಡಲೆಕಾಳಿನಷ್ಟು ಕಲೆ, ಎಲ್ಲರೂ ನೋಡುವ ಜಾಗದಲ್ಲೇ ಕೂತಿದೆ. ವಯಸ್ಸು ಹದಿನಾರು. ಹೊಸ ಕಾಲೇಜು, ಹೊಸ ಮುಖಗಳು. ತೊನ್ನು ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಅದು ಶುರುವಾಗುವುದು ಇಪ್ಪತ್ತರೊಳಗೇ. ‘ನಾನು ಯಾರು’ ಅಂತ ಕನ್ನಡಿ ನೋಡಿ ತಿಳಿದುಕೊಳ್ಳುವ ವಯಸ್ಸು ಅದು.

ಚರ್ಮವೈದ್ಯರಿಗೂ ಇದು ಗೊತ್ತಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಆಂಡ್ರೂ ಫಿನ್ಲೆ ಮತ್ತು ಖಾನ್ ಎಂಬವರು 1994ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದನ್ನು ಈಗ ಜಗತ್ತಿನಾದ್ಯಂತ ಬಳಸುತ್ತಾರೆ. ಕಲೆ ಎಷ್ಟು ಸೆಂಟಿಮೀಟರ್ ಅಂತ ಅದು ಕೇಳುವುದಿಲ್ಲ. ಕಳೆದ ವಾರ ನಿಮ್ಮ ಚರ್ಮದಿಂದ ಎಷ್ಟು ಮುಜುಗರವಾಯಿತು, ಯಾವ ಬಟ್ಟೆ ಹಾಕಬೇಕು ಎಂಬುದನ್ನು ಅದು ಎಷ್ಟು ತೀರ್ಮಾನಿಸಿತು, ಜನರ ಜತೆ ಬೆರೆಯುವುದಕ್ಕೆ ಎಷ್ಟು ಅಡ್ಡಿಯಾಯಿತು ಅಂತ ಕೇಳುತ್ತದೆ. ಒಟ್ಟು 30 ಅಂಕ. ಹತ್ತು ದಾಟಿದರೆ ಬದುಕಿನ ಮೇಲೆ ಬಹಳ ಪರಿಣಾಮ ಆಗಿದೆ ಅಂತ ಲೆಕ್ಕ. ವೈದ್ಯರ ಬಳಿ ಹೋದಾಗ ಕಲೆ ತೋರಿಸುವುದರ ಜತೆಗೆ ‘ಇದರಿಂದ ಕಾಲೇಜಿಗೆ ಹೋಗೋದೇ ಬೇಡ ಅನ್ಸುತ್ತೆ’ ಅಂತಲೂ ಹೇಳಬೇಕು. ಅದೂ ರೋಗದ ಲಕ್ಷಣವೇ.

ಮುಚ್ಚಿಡುವುದರ ಭಾರ ದೊಡ್ಡವರನ್ನೂ ಬಿಟ್ಟಿಲ್ಲ. ಮೈಕೇಲ್ ಜಾಕ್ಸನ್ ವರ್ಷಗಟ್ಟಲೆ ದಪ್ಪ ಮೇಕಪ್ಪಿನಲ್ಲಿ, ಕೊಡೆಯ ನೆರಳಿನಲ್ಲಿ ಓಡಾಡಿದರು. ಬೆಳ್ಳಗಾಗುವ ಆಸೆಗೆ ಚರ್ಮ ಬಿಳಿ ಮಾಡಿಸಿಕೊಂಡರು ಅಂತ ಜಗತ್ತೆಲ್ಲ ಆಡಿಕೊಂಡಿತು. 1993ರಲ್ಲಿ ಓಪ್ರಾ ವಿನ್ಫ್ರೆ ಜತೆಗಿನ ಸಂದರ್ಶನದಲ್ಲಿ ತಮಗೆ ಬಣ್ಣ ಹೋಗುವ ಚರ್ಮದ ಕಾಯಿಲೆ ಇದೆ ಅಂತ ಅವರೇ ಹೇಳಿದರು. ಬಹಳ ಜನ ನಂಬಲಿಲ್ಲ. 2009ರ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ತೊನ್ನು ದಾಖಲಾಗಿತ್ತು. ಅವರು ತೀರಿಹೋದ ಜೂನ್ 25ನ್ನೇ ಈಗ ವಿಶ್ವ ತೊನ್ನು ದಿನ ಅಂತ ಆಚರಿಸುತ್ತಾರೆ.

‘ಎದೆ ಎತ್ತಿ ನಿಲ್ಲು’ ಅಂದರೆ ಸಾಕಾ?

‘ತಲೆ ಎತ್ತು, ಎದೆ ಮುಂದೆ ಮಾಡು, ಧೈರ್ಯ ತಾನೇ ಬರುತ್ತೆ’ ಎಂಬ ಸಲಹೆ ವಿಡಿಯೊಗಳಲ್ಲಿ ಜಾಸ್ತಿ. ಇದರ ಹಿಂದೆ 2010ರ ಒಂದು ಅಮೆರಿಕನ್ ಅಧ್ಯಯನ ಇದೆ. ಎರಡು ನಿಮಿಷ ಗತ್ತಿನಿಂದ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಅಂತ ಅದು ಹೇಳಿತ್ತು. 2015ರಲ್ಲಿ ಬೇರೆ ತಂಡ ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನಿನ ಬದಲಾವಣೆ ಸಿಗಲಿಲ್ಲ. ಮೊದಲ ಅಧ್ಯಯನ ಬರೆದವರಲ್ಲಿ ಒಬ್ಬರಾದ ಡ್ಯಾನಾ ಕಾರ್ನಿ ತಮಗೇ ಅದರಲ್ಲಿ ನಂಬಿಕೆ ಉಳಿದಿಲ್ಲ ಎಂದು 2016ರಲ್ಲಿ ಹೇಳಿದರು. ನೆಟ್ಟಗೆ ನಿಂತರೆ ಆ ಗಳಿಗೆಗೆ ಚೆನ್ನಾಗಿ ಅನಿಸಬಹುದು. ಆದರೆ ಮುದುಡಲು ಕಾರಣವಾದ ಹೆದರಿಕೆ ಹಾಗೇ ಇರುವಾಗ ಬೆನ್ನನ್ನು ಮಾತ್ರ ನೇರ ಮಾಡು ಅನ್ನುವುದು ಮಕ್ಕಳಿಗೆ ಇನ್ನೊಂದು ಹೊರೆ. ಈಗ ಕಲೆಯ ಜತೆಗೆ ಬೆನ್ನನ್ನೂ ಕಾಯಬೇಕು!

ಚರ್ಮಕ್ಕೆ ಏನು ಮಾಡಬಹುದು

ತೊನ್ನಿಗೆ ಚಿಕಿತ್ಸೆ ಇದೆ. ಹಚ್ಚುವ ಮುಲಾಮುಗಳಿವೆ. 311 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಬೆಳಕಿನ ಚಿಕಿತ್ಸೆ ಇದೆ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ತಾಳ್ಮೆಯಿಂದ ತೆಗೆದುಕೊಳ್ಳಬೇಕು. ಹರಡುವುದು ನಿಂತವರಿಗೆ ಚರ್ಮದ ಕಸಿ ಮಾಡುತ್ತಾರೆ. 2022ರಲ್ಲಿ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಎಂಬ ಕ್ರೀಮಿಗೆ ಒಪ್ಪಿಗೆ ಸಿಕ್ಕಿತು. ಮುಖ, ಕುತ್ತಿಗೆಯಲ್ಲಿ ಬಣ್ಣ ಚೆನ್ನಾಗಿ ಮರಳುತ್ತದೆ. ಬೆರಳ ತುದಿ, ತುಟಿಯಲ್ಲಿ ಕಷ್ಟ. ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಥೈರಾಯ್ಡ್ ತೊಂದರೆ ಜತೆಗಿರುವ ಸಾಧ್ಯತೆ ಇರುವುದರಿಂದ ರಕ್ತಪರೀಕ್ಷೆಯನ್ನೂ ಹೇಳಬಹುದು.

ಮಾಡಬಾರದ್ದು ಮೂರಿವೆ. ಕಲೆಯನ್ನು ಉಜ್ಜಬಾರದು. ಪೆಟ್ಟು, ಉಜ್ಜುವಿಕೆ ಆದ ಕಡೆ ಹೊಸ ಕಲೆ ಹುಟ್ಟಬಹುದು. ಲಂಗದ ಲಾಡಿ ಬಿಗಿದ ಸೊಂಟ, ಚಪ್ಪಲಿಯ ಪಟ್ಟಿ ಒತ್ತುವ ಪಾದದಲ್ಲಿ ಕಲೆ ಬರುವುದು ಹೀಗೇ. ಯಾರೋ ಹೇಳಿದರು ಅಂತ ಬಾಕುಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಬಾರದು, ಬೊಬ್ಬೆ ಏಳುತ್ತದೆ. ಅದರಲ್ಲಿರುವ ಸೋರಲಿನ್ ಎಂಬ ರಾಸಾಯನಿಕ ಬಿಸಿಲಿನ ಜತೆ ಸೇರಿ ಚರ್ಮ ಸುಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಮುಲಾಮು ತಂದು ಮುಖಕ್ಕೆ ಹಚ್ಚಬಾರದು. ಬಂಗು, ಮೊಡವೆ ಇರುವವರಿಗೂ ಇದೇ ಮಾತು. ಚರ್ಮ ತೆಳ್ಳಗಾಗಿ, ಕೆಂಪಗಾಗಿ, ಕೂದಲು ಬೆಳೆದು ಹೊಸ ತೊಂದರೆ ಶುರುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದ್ದು ಅದಕ್ಕೇ.

ಬಣ್ಣ ಮರಳಿದರೂ ಮೈ ಮುದುಡುವ ಅಭ್ಯಾಸ ತಾನಾಗಿ ಹೋಗುವುದಿಲ್ಲ. ವರ್ಷಗಟ್ಟಲೆ ಕುಂಟಿದವರು ಕಾಲು ವಾಸಿಯಾದ ಮೇಲೂ ಸ್ವಲ್ಪ ದಿನ ಕುಂಟುತ್ತಾರೆ. ಅದಕ್ಕೆ ಬೇರೆ ಕೆಲಸ ಬೇಕು.

ಮೆಟ್ಟಿಲು ಮೆಟ್ಟಿಲಾಗಿ ಕೈ ಹೊರಗೆ

ಮನೋವೈದ್ಯರು, ಆಪ್ತಸಮಾಲೋಚಕರು ಇದಕ್ಕೆ ಮಾಡಿಸುವ ಕೆಲಸ ಕೇಳಲು ಸುಲಭ, ಮಾಡಲು ಧೈರ್ಯ ಬೇಕಾದದ್ದು. ಅಡಗಿಸುವ ಅಭ್ಯಾಸಗಳನ್ನು ಮೊದಲು ಪಟ್ಟಿ ಮಾಡಿಸುತ್ತಾರೆ. ಅತಿ ಕಡಿಮೆ ಹೆದರಿಕೆಯದು ಮೊದಲು, ಅತಿ ಹೆಚ್ಚಿನದು ಕೊನೆಗೆ. ಆಮೇಲೆ ಒಂದೊಂದನ್ನೇ ಬಿಟ್ಟು ನೋಡುವುದು. ಈ ವಾರ ಗುರುತಿಲ್ಲದ ಅಂಗಡಿಯಲ್ಲಿ ಕೈ ಚಾಚಿ ಚಿಲ್ಲರೆ ತೆಗೆದುಕೊಳ್ಳುವುದು. ಹೋಗುವ ಮುಂಚೆ ‘ಏನಾಗಬಹುದು’ ಅಂತ ಬರೆದಿಡಬೇಕು, ಬಂದ ಮೇಲೆ ‘ಏನಾಯಿತು’ ಅಂತ ಬರೆಯಬೇಕು. ಗುಮ್ಮ ಇಲ್ಲದ ಕೋಣೆಯೊಳಗೆ ಹೋಗಿ ನೋಡಿ ಬರುವುದು ಅಂದರೆ ಇದೇ. ಕೆಲವು ಸಲ ಯಾರೋ ದಿಟ್ಟಿಸಿ ನೋಡಿರುತ್ತಾರೆ. ಅದನ್ನೂ ಬರೆಯಬೇಕು. ಎಷ್ಟು ಜನರಲ್ಲಿ ಎಷ್ಟು ಜನ ಎಂಬ ನಿಜವಾದ ಲೆಕ್ಕ ಆಗ ಸಿಗುತ್ತದೆ.

ಮೇಕಪ್ ಹಚ್ಚುವುದು ತಪ್ಪಲ್ಲ. ಕಲೆ ಮುಚ್ಚುವ ಒಳ್ಳೆಯ ಕ್ರೀಮುಗಳಿವೆ. ಆಯ್ಕೆಯಿಂದ ಹಚ್ಚಿದರೆ ಅದು ಅಲಂಕಾರ. ಅದಿಲ್ಲದೆ ಬಾಗಿಲಿಗೆ ಹಾಲು ತರಲೂ ಹೋಗಲಾಗದಿದ್ದರೆ ಸಹಾಯ ಕೇಳಬೇಕಾದ ಹೊತ್ತು. ಅಂಥ ಹೊತ್ತಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಜನ ಕೇಳಿದಾಗ ಏನು ಹೇಳಬೇಕು ಎಂಬುದು ಇನ್ನೊಂದು ಕಷ್ಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ‘ಏನಮ್ಮಾ ಇದು, ಯಾರಿಗೂ ತೋರಿಸಲಿಲ್ವಾ?’ ಅಂತ ನೇರವಾಗಿ ಕೇಳಿಬಿಡುತ್ತಾರೆ. ಆಗ ಬಾಯಿ ಕಟ್ಟುತ್ತದೆ, ಮೈ ಬಿಗಿಯುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ಕಾರಿನ ಬೆಂಕಿಯಲ್ಲಿ ಮುಖ ಸುಟ್ಟುಕೊಂಡ ಜೇಮ್ಸ್ ಪಾರ್ಟ್ರಿಜ್ ಎಂಬ ಇಂಗ್ಲೆಂಡಿನವರು 1992ರಲ್ಲಿ ‘ಚೇಂಜಿಂಗ್ ಫೇಸಸ್’ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಹೇಳಿಕೊಡುವ ಉಪಾಯಕ್ಕೆ ಮೂರು ಹೆಜ್ಜೆ: ಏನು ಅಂತ ಒಂದು ಮಾತಿನಲ್ಲಿ ಹೇಳು, ಹೆದರಿಕೆ ಬೇಡ ಅಂತ ತಿಳಿಸು, ಮಾತನ್ನು ಬೇರೆ ಕಡೆ ತಿರುಗಿಸು. ಕೇಳಿದವರಿಗೂ ಮುಜುಗರದಿಂದ ಹೊರಬರಲು ಒಂದು ದಾರಿ ಸಿಗುತ್ತದೆ. ಮುಂಚೆಯೇ ಮನೆಯಲ್ಲಿ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ್ದರೆ, ಬೇಕಾದಾಗ ನಾಲಿಗೆಗೆ ಬರುತ್ತದೆ.

ಆ ಪಿಯುಸಿ ಹುಡುಗಿ ಮತ್ತು ಅವಳಮ್ಮ ಅಡುಗೆ ಮನೆಯಲ್ಲಿ ನಿಂತು ಇದನ್ನು ಅಭ್ಯಾಸ ಮಾಡಿದರು. ಅಮ್ಮ ಬಸ್ಸಿನ ಅಜ್ಜಿಯ ಪಾತ್ರ. ಮೊದಲ ಎರಡು ಸಲ ಅವಳಿಗೆ ಅಳು ಬಂತು, ಮೂರನೆಯ ಸಲ ನಗು ಬಂತು. ಕೊನೆಗೆ ಅವಳೇ ತನ್ನ ಮಾತಿನಲ್ಲಿ ಕಟ್ಟಿಕೊಂಡದ್ದು ಹೀಗೆ: ‘ಇದು ತೊನ್ನು ಅಜ್ಜಿ, ಟ್ರೀಟ್‌ಮೆಂಟ್ ತಗೋತಿದೀನಿ. ನೋಯಲ್ಲ, ಯಾರಿಗೂ ಅಂಟಲ್ಲ. ನಿಮ್ದು ಯಾವೂರು? ಆ ಕಡೆ ಮಳೆ ಆಯ್ತಾ?’